ಗಂಜಿ ಹಾಕಿದ ಜೀನ್ಸ್

ಬೂದಿಕೋಟೆಯ ನಮ್ಮತ್ತೆ ಮುತ್ಯಾಲಮ್ಮ ಗಂಜಿ ಹಾಕದ ಬಟ್ಟೆಯಲ್ಲಿ ಮಗನನ್ನು ಆಫೀಸಿಗೆ ಕಳಿಸಿದವರೇ ಅಲ್ಲ. ಎಂಬತ್ತೊಂಬತ್ತನೇ ಇಸವಿಯಲ್ಲಿ ನಮ್ಮೆಜಮಾನರಿಗೆ ನನ್ನ ತಮ್ಮ ಬೆಂಗಳೂರಿಂದ ಜೀನ್ಸ್ ತಂದುಕೊಟ್ಟ. ಅತ್ತೆ ಅದನ್ನೂ ಗಂಜಿಯಲ್ಲಿ ಅದ್ದಿ, ಕೆಂಡದ ಇಸ್ತ್ರಿಪೆಟ್ಟಿಗೆಯಿಂದ ಗೆರೆ ತೀಡಿಬಿಟ್ಟರು. ಪ್ಯಾಂಟು ಗೋಡೆಗೊರಗಿ ತಾನೇ ನಿಂತಿತು!

“ಅಯ್ಯೋ, ಜೀನ್ಸಿಗೆ ಯಾರಾದ್ರೂ ಗಂಜಿ ಹಾಕ್ತಾರಾ ಅತ್ತೆ?”

“ಆಪೀಸಿಗೆ ಮುದುರಿದ್ ಬಟ್ಟೆ ಆಕ್ಕಂಡು ಓಗ್ತಾರೇನೇ, ಪ್ಯಾಟೆಯೋಳೇ?”

ಅಮ್ಮನ ಮಾತು ಮೀರದೆ ಇವರು ಅದನ್ನೇ ತೊಟ್ಟು ಹೊರಟರು. ಇವರ ಬಂಗಾರಪೇಟೆ ಆಫೀಸಿನ ಸಾಹೇಬರಿಗೆ ಜೀನ್ಸ್ ಅಂದರೆ ಆಗದು. ಎಲ್ಲರೆದುರು ಬೈದು ಮನೆಗೆ ಅಟ್ಟಿದರೆ? ಮಗುವನ್ನೆತ್ತಿಕೊಂಡು ದಿನವೆಲ್ಲಾ ಬಸ್ಸಿನ ದಾರಿ ನೋಡಿದೆ.

ಸಂಜೆ ಇವರು ನಗುತ್ತಲೇ ಬಂದರು. “ಸಾಹೇಬ್ರು ಗೆರೆ ನೋಡಿ, ‘ಜೀನ್ಸ್ ಹಾಕಿದ್ರೆ ಹೀಗಿರ್ಬೇಕು’ ಅಂದ್ರು ಕಣಮ್ಮ. ಮಂಡಿ ಮಾತ್ರ ಮಡಚೋಕಾಗ್ಲಿಲ್ಲ!”

“ನಾಳೀಕೆ ಗಂಜಿ ವಸಿ ತೆಳ್ಳಗೆ ಮಾಡಾನ ಬುಡು,” ಅಂದರು ಅತ್ತೆ.

ಗಂಜಿ ಪಾತ್ರೆ ನಾನೇ ಒಲೆಗಿಟ್ಟೆ.