ತಂಪು ಪೆಟ್ಟಿಗೆಯೊಳಗಿನ ತಪ್ಪು ಗ್ಯಾಸ್

ಕುಂದಾಪುರದಲ್ಲಿ ನನ್ನದು ಫ್ರಿಜ್, ಎಸಿ ರಿಪೇರಿಯ ಅಂಗಡಿ. ಈ ಕಸುಬಿನ ಮೊದಲ ಹದಿನೈದು ವರ್ಷ ಹಳೆಯ ಗ್ಯಾಸನ್ನು ಗಾಳಿಗೆ ಬಿಟ್ಟೇ ಬದುಕಿದವನು ನಾನು. ಪೈಪ್ ಬಿಚ್ಚಿದರೆ ಬುಸ್ಸೆಂದು ಹೋಗುತ್ತಿತ್ತು, ಕೆಲಸ ಮುಗಿಯುತ್ತಿತ್ತು. ಆಮೇಲೆ ಬ್ರಹ್ಮಾವರದಲ್ಲಿ ಎರಡು ದಿನದ ತರಬೇತಿ ಕೊಟ್ಟರು. ಗ್ಯಾಸನ್ನು ಸಿಲಿಂಡರಿಗೆ ಹಿಡಿದಿಡಬೇಕು, ಒಂದಕ್ಕೊಂದು ಬೆರೆಸಬಾರದು, ಯಾವುದನ್ನು ತುಂಬಿದೆವೋ ಅದರ ಹೆಸರು ಯಂತ್ರದ ಮೇಲೆ ಬರೆಯಬೇಕು ಎಂದರು. ಹಿಡಿದಿಡುವುದನ್ನು ಕಲಿತೆ. ಬರೆಯುವುದೆಂದರೆ ಮಾತ್ರ ನನಗೆ ಶಾಲೆಯ ಕಾಲದಿಂದಲೂ ಮೈಗಳ್ಳತನ.

ಮಳೆಗಾಲದ ಒಂದು ಬೆಳಿಗ್ಗೆ ಶಿರೂರಿನಿಂದ ಫೋನ್ ಬಂತು. ಅಲ್ಲೊಂದು ಮನೆಯಲ್ಲಿ ಹಿಂದಿನ ಸಂಜೆ ಹಿರಿಯರೊಬ್ಬರು ತೀರಿಕೊಂಡಿದ್ದರು. ಒಬ್ಬಳೇ ಮಗಳು, ಮುಂಬೈಯಿಂದ ರೈಲಿನಲ್ಲಿ ಹೊರಟಿದ್ದಳು, ಬೈಂದೂರಿನಲ್ಲಿ ಇಳಿಯುವಾಗ ಹನ್ನೊಂದಾಗುತ್ತದೆ. ಅಲ್ಲಿಯವರೆಗೆ ದೇಹವನ್ನು ಇಡಲು ಊರ ಯುವಕ ಮಂಡಲದವರ ತಂಪು ಪೆಟ್ಟಿಗೆ ತಂದಿದ್ದರು. ಸಾವಾದ ಯಾವ ಮನೆಗಾದರೂ ಅವರು ಅದನ್ನು ಪುಕ್ಕಟೆ ಕಳಿಸುತ್ತಾರೆ. ಬೆಳಗಿನ ಜಾವದಿಂದ ಅದು ತಂಪಾಗುತ್ತಿರಲಿಲ್ಲ.

ನಾನು ತಲುಪಿದಾಗ ಒಂಬತ್ತು ದಾಟಿತ್ತು. ಮನೆಯ ಗಂಡಸರಲ್ಲಿ ಕೆಲವರು ಸೌದೆಗೆ, ಕೆಲವರು ಸ್ಟೇಷನ್ನಿಗೆ ಹೋಗಿದ್ದರು. ಉಳಿದದ್ದು ತೀರಿಕೊಂಡವರ ಹೆಂಡತಿ, ಅವರ ಇಬ್ಬರು ನಾದಿನಿಯರು, ಕೋಲೂರಿ ನಡೆಯುವ ಪಕ್ಕದ ಮನೆಯ ಅಜ್ಜ. ಪೆಟ್ಟಿಗೆ ಚಾವಡಿಯಲ್ಲಿತ್ತು. ಗಾಜಿನೊಳಗೆ ಮುಖ ಕಾಣುತ್ತಿತ್ತು. ತಲೆಯ ಕಡೆ ನೆಲದ ಮೇಲೆ ದೀಪ, ಅದಕ್ಕೆ ಎಣ್ಣೆ ಹಾಕುತ್ತ ಹೆಂಡತಿ ಕುಳಿತಿದ್ದರು. ಯಂತ್ರ ಇದ್ದದ್ದು ಕಾಲಿನ ಕಡೆ, ಹಿತ್ತಲ ಕಿಟಕಿಯ ಪಕ್ಕ.

"ಮಗ್ಳಿಗ್ ಅಪ್ಪನ್ ಮೋರಿ ಕಾಂಬುಕ್ ಸಿಕ್ಕತ್ತಾ ಮಗಾ?" ಎಂದು ಹೆಂಡತಿ ಕೇಳಿದರು. ಮುಖ ನೋಡಲು ಸಿಗುತ್ತದೆ ಅಮ್ಮ ಎಂದೆ. ರಿಪೇರಿಯವರು ಯಾವಾಗಲೂ ಹಾಗೆಯೇ ಹೇಳುವುದು.

ಗ್ಯಾಸಿನ ಒತ್ತಡ ತೋರಿಸುವ ಗೇಜ್ ಜೋಡಿಸಿದೆ. ಸೋರಿದ ಪೆಟ್ಟಿಗೆಯಲ್ಲಿ ಮುಳ್ಳು ಕೆಳಗಿರಬೇಕು. ಪೆಟ್ಟಿಗೆಯ ಮೇಲೆ ಅಚ್ಚಾಗಿದ್ದ ಗ್ಯಾಸಿಗೆ ಎಷ್ಟಿರಬೇಕೋ ಅದಕ್ಕಿಂತಲೂ ಅದು ಮೇಲೆ ನಿಂತಿತ್ತು. ಒಳಗಿರುವುದು ಬೇರೆ ಗ್ಯಾಸ್. ಯಾರೋ ಬುದ್ಧಿಯಿಲ್ಲದವನು ತುಂಬಿದ್ದಾನೆ ಎಂದು ಬೈದುಕೊಳ್ಳುವಷ್ಟರಲ್ಲಿ ನೆನಪಾಯಿತು. ಹಿಂದಿನ ಮಳೆಗಾಲ ಇದೇ ಪೆಟ್ಟಿಗೆ ನನ್ನ ಅಂಗಡಿಗೆ ಬಂದಿತ್ತು. ಒಂದು ಮನೆಯವರು ಕಾಯುತ್ತಿದ್ದಾರೆ ಎಂದು ಮಂಡಲದವರು ಅವಸರ ಮಾಡಿದ್ದರು. ಸರಿಯಾದ ಗ್ಯಾಸ್ ಅಂಗಡಿಯಲ್ಲಿ ಮುಗಿದಿತ್ತು. ಹೊಸ ಡೀಪ್ ಫ್ರೀಜರುಗಳಿಗೆ ಹಾಕುವ, ಬೆಂಕಿ ತಗುಲಿದರೆ ಹೊತ್ತಿಕೊಳ್ಳುವ ಗ್ಯಾಸ್ ಇತ್ತು. ಅದನ್ನೇ ತುಂಬಿ, ಆಮೇಲೆ ಬದಲಾಯಿಸಿದರಾಯಿತು ಎಂದು ಕಳಿಸಿದ್ದೆ. ಬರೆಯಲೂ ಇಲ್ಲ, ಬದಲಾಯಿಸಲೂ ಇಲ್ಲ.

ಆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲ ಹಿಡಿದು ಹರಡುತ್ತದೆ. ದೀಪವೂ ನೆಲದ ಮೇಲೆಯೇ ಇತ್ತು.

ಪೆಟ್ಟಿಗೆಯನ್ನು ಅಂಗಳಕ್ಕೆ ಎತ್ತೋಣವೆಂದರೆ ಎತ್ತುವ ಗಂಡಸರಿಲ್ಲ. ಇದ್ದಿದ್ದರೂ ಹೊಸಿಲು ದಾಟಿಸಿದ ದೇಹವನ್ನು ಮತ್ತೆ ಒಳಗೆ ತರುವ ಕ್ರಮ ಇಲ್ಲ. ಪೆಟ್ಟಿಗೆಗೆ ಹೊತ್ತಿಕೊಳ್ಳುವ ಗ್ಯಾಸ್ ತುಂಬಿದ್ದಾರೆ, ಕೂಡಲೇ ದೀಪ ನಂದಿಸಬೇಕು, ಎಲ್ಲರೂ ಹೊರಗೆ ಹೋಗಬೇಕು ಎಂದೆ. ನಾದಿನಿಯರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಹೆಂಡತಿ ಮಾತ್ರ ಎದ್ದು ದೀಪವನ್ನು ಕೈಗೆತ್ತಿಕೊಂಡರು.

"ನಂದ್ಸುಕಾಗ. ನಾನ್ ಹಿಡ್ಕಂಡ್ ಅಂಗ್ಳದಗೆ ಕೂಕಂತೆ."

ಎಲ್ಲರನ್ನೂ ಮುಂದಿನ ಅಂಗಳದ ಆ ತುದಿಯ ಚಪ್ಪರದಡಿ ಕೂರಿಸಿದೆ. ಮೇನ್ ಸ್ವಿಚ್ ಆಫ್ ಮಾಡಿ ಬಾಗಿಲು, ಕಿಟಕಿ ಎಲ್ಲ ತೆರೆದೆ. ಗ್ಯಾಸ್ ಹೀರುವ ನನ್ನ ಯಂತ್ರ ಈ ಜಾತಿಯ ಗ್ಯಾಸಿಗೆ ಆಗುವುದಲ್ಲ, ಒಳಗೆ ಕಿಡಿ ಹಾರಬಹುದು. ಪೆಟ್ಟಿಗೆ ಕೈಕೊಟ್ಟರೆ ಬೇಕಾಗುತ್ತದೆಂದು ಬಂದರಿನಿಂದ ಮಂಜುಗಡ್ಡೆ ತರಿಸಿಟ್ಟಿದ್ದರು. ಗಾಳಿಯನ್ನೆಲ್ಲ ಎಳೆದು ತೆಗೆದ ಖಾಲಿ ಸಿಲಿಂಡರನ್ನು ಹಿತ್ತಲಲ್ಲಿ ಆ ಮಂಜುಗಡ್ಡೆಯ ಬಕೆಟ್ಟಿನಲ್ಲಿ ನಿಲ್ಲಿಸಿ, ಬಕೆಟ್ಟನ್ನು ತಕ್ಕಡಿಯ ಮೇಲಿಟ್ಟು, ಕಿಟಕಿಯಿಂದ ಪೈಪ್ ಎಳೆದೆ. ಗ್ಯಾಸ್ ತಣ್ಣಗಿರುವ ಕಡೆಗೆ ತಾನಾಗಿ ಹರಿಯುತ್ತದೆ. ತಕ್ಕಡಿಯ ಅಂಕಿ ಏರುವುದು ನಿಂತ ಮೇಲೆ ಸಿಲಿಂಡರ್ ಮುಚ್ಚಿ, ಪೈಪುಗಳೊಳಗೆ ಹೊತ್ತಿಕೊಳ್ಳದ ನೈಟ್ರೋಜನ್ ಹಾಯಿಸಿ, ಉಳಿದ ಚೂರನ್ನು ಹಿತ್ತಲಿಗೆ ಬಿಟ್ಟೆ. ಸೋರುತ್ತಿದ್ದ ವಾಲ್ವಿನ ಪಿನ್ ಬದಲಿಸಿದೆ. ಅಷ್ಟಾದ ಮೇಲೆ ಅವರನ್ನು ಒಳಗೆ ಕರೆಯಬಹುದಿತ್ತು. ನನ್ನ ಕೆಲಸದ ಮೇಲೆ ನನಗೇ ನಂಬಿಕೆ ಇರಲಿಲ್ಲ, ಕರೆಯಲಿಲ್ಲ. ಮೇನ್ ಸ್ವಿಚ್ ಮತ್ತೆ ಹಾಕಿ, ಸರಿಯಾದ ಗ್ಯಾಸ್ ತುಂಬಿ ಪೆಟ್ಟಿಗೆ ತಂಪಾಗಲು ಶುರುವಾಗುವಾಗ ಒಂದು ಗಂಟೆ ಕಳೆದಿತ್ತು. ಅಷ್ಟೂ ಹೊತ್ತು ಹೆಂಡತಿ ದೀಪಕ್ಕೆ ಸೆರಗು ಅಡ್ಡ ಹಿಡಿದು, ತೆರೆದ ಬಾಗಿಲಿನಿಂದ ಒಳಗೆ ನೋಡುತ್ತ ಕುಳಿತಿದ್ದರು.

ದೀಪ ತಂದು ಇದ್ದಲ್ಲೇ ಇಟ್ಟ ಮೇಲೆ ಕೇಳಿದರು.

"ಆ ಗ್ಯಾಸ್ ತುಂಬ್ಸದ್ ಯಾರ್?"

ಸುಳ್ಳು ಹೇಳಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಾನೇ ಅಮ್ಮ ಎಂದೆ.

ಬೈಯುತ್ತಾರೆಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು. "ಈಗ ತುಂಬ್ಸದ್ ಎಂತದಂದ್ ಬರ್ದಿಡ್. ಇನ್ನೊಂದ್ ಮನಿಗ್ ಹೋಪುದಲ್ದಾ" ಎಂದಷ್ಟೇ ಹೇಳಿದರು. ಅವರೆದುರೇ ಮೊಣಕಾಲೂರಿ, ಗ್ಯಾಸಿನ ಹೆಸರು, ತಾರೀಕು, ನನ್ನ ಫೋನ್ ನಂಬರ್ ದಪ್ಪ ಅಕ್ಷರದಲ್ಲಿ ಬರೆದೆ.

ಮಗಳು ಹನ್ನೊಂದೂವರೆಗೆ ಬಂದಳು. ಗಾಜು ಸರಿಸಿ ಅಪ್ಪನ ಕೆನ್ನೆ ಮುಟ್ಟಿದಳು. ಮುಖ ಕೆಟ್ಟಿರಲಿಲ್ಲ. ಹನ್ನೆರಡೂವರೆಗೆ ಗಂಡಸರು ದೇಹವನ್ನು ಎತ್ತಿದರು.

ಅವರ ಮನೆಯಲ್ಲಿ ಹೆಂಗಸರು ಸುಡುವಲ್ಲಿಗೆ ಹೋಗುವುದಿಲ್ಲ. ಹೆಂಡತಿ ಅಂಗಳದ ಕೊನೆಯವರೆಗೆ ಬಂದು ನಿಂತರು. ನಾನು ಬಂದ ಮೇಲೆ ಗಂಡನ ಪಕ್ಕ ಕೂರಲು ಅವರಿಗೆ ಉಳಿದಿದ್ದದ್ದು ಮೂರು ಗಂಟೆ. ಅದರಲ್ಲಿ ಒಂದನ್ನು ನಾನು ತೆಗೆದುಕೊಂಡಿದ್ದೆ.