ಸುಣ್ಣಕಲ್ಲಿನೊಳಗಿನ ಚಿಪ್ಪು

ವಸುಧಾ, ನಿನ್ನ ಕಲ್ಲನ್ನು ದೇವರ ಮನೆಗೆ ಸೇರಿಸಿದವನು ನಾನು. ನಿಮ್ಮ ಅಪ್ಪನನ್ನು ನೀನು ಸುಮ್ಮನೆ ಬೈದುಕೊಂಡೆ. ನಲವತ್ತು ವರ್ಷ ಚಾಮರಾಜಪೇಟೆಯ ಒಂದೇ ರಸ್ತೆಯಲ್ಲಿ ನಿನ್ನೆದುರೇ ಓಡಾಡಿಕೊಂಡಿದ್ದೂ — ಇಷ್ಟು ಹೇಳಲು ನನಗೆ ಬಾಯಿ ಬರಲಿಲ್ಲ.

ಕಾಲೇಜಿನಿಂದ ತಿರುಚ್ಚಿಯ ಕಡೆಯ ಸುಣ್ಣಕಲ್ಲಿನ ಗಣಿಗೆ ಹೋಗಿದ್ದಾಗ ನೀನು ಬಂಡೆ ಒಡೆದು ಆ ಚಿಪ್ಪನ್ನು ತೆಗೆದೆ. ಊಟದ ತಟ್ಟೆಯಷ್ಟು ಅಗಲ, ಸುರುಳಿ ಸುತ್ತಿಕೊಂಡು ಕಲ್ಲಾಗಿಹೋದ ಕಡಲಜೀವಿ. ಅಮೋನೈಟ್ ಎಂಬುದು ನಮಗೆ ಗೊತ್ತಿತ್ತು. ಯಾವ ಜಾತಿಯದೆಂದು ಮೇಷ್ಟರಿಗೂ ತಿಳಿಯಲಿಲ್ಲ. ನೀನು ಬರೆದು ಕೇಳಿದ್ದಕ್ಕೆ ಪುಣೆಯ ಪ್ರಾಧ್ಯಾಪಕರೊಬ್ಬರು, ಕಲ್ಲು ತೆಗೆದುಕೊಂಡು ಬಾ, ಅದನ್ನು ಗುರುತಿಸುವುದೇ ನಿನ್ನ ಸಂಶೋಧನೆಯಾಗಲಿ ಎಂದು ಬರೆದರು. ನೀನು ಕುಣಿದಾಡಿದೆ. ನೀನು ಹೋದರೆ ಈ ರಸ್ತೆಯಲ್ಲಿ ನನಗೇನಿತ್ತು?

ನೀನು ರೈಲಿನ ಟಿಕೆಟ್ ಮಾಡಿಸಲು ಹೋದ ಬೆಳಿಗ್ಗೆ ನಿಮ್ಮ ಅಪ್ಪ ನನ್ನನ್ನು ಕರೆದರು. "ನೀನು ಓದಿದೋನಪ್ಪಾ. ಇದು ಸಾಲಿಗ್ರಾಮ ಇದ್ದ ಹಾಗಿದೆಯಲ್ಲ? ಇಷ್ಟು ದೊಡ್ಡದೂ ಇರತ್ತಾ?"

ಸಾಲಿಗ್ರಾಮವೂ ಇಂಥದೇ ಚಿಪ್ಪಿನ ಕಲ್ಲು, ಆದರೆ ಅದು ಗಂಡಕಿ ನದಿಯದು, ಇದು ಗಣಿಯದು ಎಂದಿದ್ದರೆ ಅವರು ಸುಮ್ಮನಾಗುತ್ತಿದ್ದರು. ನಾನು ಹೇಳಿದ್ದೇ ಬೇರೆ.

"ಚಕ್ರ ಕಾಣ್ತಿದೆಯಲ್ಲ ಮಾಮ, ಸಾಲಿಗ್ರಾಮಾನೇ. ಮನೆಗೆ ಬಂದಿದ್ದನ್ನ ಹೊರಗೆ ಕಳಿಸ್ಬೇಡಿ. ನಾನು ಹೇಳ್ದೆ ಅಂತ ಅವಳಿಗೆ ಗೊತ್ತಾಗೋದು ಬೇಡ."

ನಿಮ್ಮ ಮನೆಯಲ್ಲಿ ಹೆಂಗಸರು ಸಾಲಿಗ್ರಾಮ ಮುಟ್ಟುವುದಿಲ್ಲ — ಅದು ಗೊತ್ತಿದ್ದೇ ಹೇಳಿದೆ. ನೀನು ಬರುವಷ್ಟರಲ್ಲಿ ಅಭಿಷೇಕವಾಗಿ, ಗಂಧ ಹಚ್ಚಿಯಾಗಿತ್ತು. ನೀನು ದೇವರ ಮನೆಯ ಹೊಸ್ತಿಲ ಆಚೆ ನಿಂತು "ಅಪ್ಪಾ, ಅದು ನಂದು" ಎಂದು ಅತ್ತೆ. ಪಕ್ಕದಲ್ಲೇ ನಿಂತಿದ್ದ ನಾನು "ಹೋಗ್ಲಿ ಬಿಡು" ಎಂದೆ. ಥೂ, ಎಂಥ ಬಾಯಿ ನನ್ನದು!

ಕಲ್ಲಿಲ್ಲದೆ ಪುಣೆಯೂ ಇಲ್ಲ. ನೀನು ಇಲ್ಲೇ ಉಳಿದು ಶಾಲೆಯಲ್ಲಿ ವಿಜ್ಞಾನ ಪಾಠ ಹೇಳಿದೆ. ಇಷ್ಟು ಮಾಡಿ ಉಳಿಸಿಕೊಂಡವನು ನಿನ್ನನ್ನು ಮದುವೆಗಾದರೂ ಕೇಳಿದೆನಾ? ಕೇಳಬೇಕೆಂದು ಹೊರಟಾಗಲೆಲ್ಲ ನೀನು ಹೊಸ್ತಿಲಲ್ಲಿ ನಿಂತು ಅತ್ತಿದ್ದೇ ಕಣ್ಣಿಗೆ ಕಟ್ಟುತ್ತಿತ್ತು — ಹಾಗೇ ಹಿಂದಿರುಗುತ್ತಿದ್ದೆ. ಈಗಲೂ ನೀನು ತರಕಾರಿ ಚೀಲ ಹಿಡಿದು ನಮ್ಮ ಗೇಟಿನ ಮುಂದೆ ಹಾದುಹೋದರೆ, ಓದುತ್ತಿರುವ ಪೇಪರ್ ಕೆಳಗಿಟ್ಟು ತಿರುವಿನವರೆಗೂ ನೋಡುತ್ತೇನೆ. ಅರವತ್ತು ದಾಟಿದರೂ ಈ ಆಸೆಗೆ ವಯಸ್ಸಾಗಿಲ್ಲ.

ನಿಮ್ಮ ಅಪ್ಪ ತೀರಿಕೊಂಡ ಮೇಲೆ, ಹೋದ ವಾರ, ನೀನೇ ಕರೆದೆ. "ಪೂಜೆಗೆ ಗಂಡಸರಿಲ್ಲ ಕಣೋ. ನೀನೇ ಎತ್ಕೊಂಡ್ಹೋಗು, ನಾನು ಮುಟ್ಟೋ ಹಾಗಿಲ್ವಲ್ಲ." ನೀನು ಗೇಟಿನವರೆಗೂ ಬಂದು ಮೆಲ್ಲಗೆ ಹೇಳಿದೆ: "ಅದರ ಹೆಸರೇನು ಅಂತ ಕೊನೆಗೂ ಗೊತ್ತಾಗ್ಲಿಲ್ಲ ನೋಡು."

ಮನೆಗೆ ತಂದು ತೊಳೆದೆ. ಗಂಧ, ಎಣ್ಣೆಜಿಡ್ಡು ಬಿಟ್ಟುಹೋಗಿ, ಜಾತಿ ಗುರುತಿಸಲು ಬೇಕಾದ ಸೊಪ್ಪಿನ ಅಂಚಿನಂಥ ಗೆರೆಗಳು ಸ್ಪಷ್ಟವಾಗಿ ಕಂಡವು. ಭೂತಗನ್ನಡಿ ಹಿಡಿದೆ, ಕಾಲೇಜಿನ ಹಳೆಯ ಪುಸ್ತಕ ತೆರೆದೆ — ಮುಚ್ಚಿಬಿಟ್ಟೆ. ಗುರುತಿಸುವ ಕೆಲಸ ನಿನ್ನದು.

ನಾಳೆ ಈ ಕಾಗದ, ಕಲ್ಲು ಎರಡನ್ನೂ ತಂದುಕೊಡುತ್ತೇನೆ. ಮೊದಲು ಓದು. ಆಮೇಲೆ ನನ್ನನ್ನು ಆಚೆ ಕಳಿಸು, ಬಾಗಿಲು ಹಾಕಿಕೋ, ಕಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಬರಿಗೈಯಲ್ಲಿ ಮುಟ್ಟಿ ನೋಡು.