‘ತಾರು’ ಶಬ್ದದ ನಿಷ್ಪತ್ತಿ

ಅಂಚೆಯವನ ಕೈಯಲ್ಲಿ ಕಾಗದ ಕಂಡರೆ ‘ಯಾರದ್ದು?’ ಎಂದು ಬಾಯಿ ತೆರೆಯುವ ನಮ್ಮ ಶಿರಸಿಯ ಜನ, ತಾರು ಎಂದೊಡನೆ ಬಾಯಿ ಮುಚ್ಚಿಕೊಳ್ಳುವುದನ್ನು ನೀವೂ ಕಂಡಿರಬಹುದು. ಮೈಸೂರು ಸೀಮೆಯವರು ‘ತಂತಿ’ ಎನ್ನುವುದನ್ನು ಮುಂಬಯಿ ಇಲಾಖೆಯವರಾದ ನಾವು ಮರಾಠಿ ಗುಮಾಸ್ತರ ಬಾಯಿಂದ ಪಡೆದು ‘ತಾರು’ ಮಾಡಿಕೊಂಡೆವು. ಮರಾಠಿಗೆ ಅದು ಪಾರಸಿಯಿಂದ ಬಂದಿತೆಂದೂ, ಅಲ್ಲಿ ಅದಕ್ಕೆ ಎಳೆಯೆಂದು ಅರ್ಥವೆಂದೂ ಬಲ್ಲವರು ಹೇಳುತ್ತಾರೆ. ಸಂಸ್ಕೃತದ ‘ತಾರ’ವೆಂದರೆ ಎತ್ತರದ ದನಿ. ನನಗೆ ಮಾತ್ರ ಹಳಗನ್ನಡದ ‘ತಾರು’, ಅಂದರೆ ಒಣಗು ಎಂಬ ಧಾತುವಿನ ಮೇಲೆಯೇ ಪಕ್ಷಪಾತ. ತಾರು ಬಂದರೆ ಬಾಯಿ ತಾರುತ್ತದೆ. ಇದಕ್ಕಿಂತ ಸಾಧಾರವಾದ ನಿಷ್ಪತ್ತಿ ಬೇಕೆ? ಐವತ್ತರ ಹತ್ತಿರದವರೆಗೂ ಚಿಂತೆಯನ್ನೇ ಉಪಕಸುಬಾಗಿ ನಡೆಸಿಕೊಂಡು ಬಂದವನು ಸ್ವಾನುಭವದಿಂದ ಹೇಳುತ್ತಿದ್ದೇನೆ.

ಮಗಳು ಗಂಗೆಗೆ ಎರಡನೆಯ ಹೆರಿಗೆ. ಯಲ್ಲಾಪುರದಲ್ಲಿ, ಗಂಡನ ಮನೆಯಲ್ಲಿ. ಮೊದಲನೆಯದರಲ್ಲೇ ಜೀವ ಹೋಗಿ ಬಂದಂತಾಗಿದ್ದರಿಂದ ನಾನು ವಾರದಿಂದ ಒಳಗೂ ಹೊರಗೂ ತಾರಾಡುತ್ತಿದ್ದೆ. ತಾರು ಬಂತು. ಇಂಗ್ಲಿಷ್ ಅಕ್ಷರಗಳಲ್ಲಿ ಅಳಿಯ ಕಳಿಸಿದ ಕನ್ನಡ: ‘ಗಂಗೆ ಸುಖವಾಗಿ ಸತ್ತಳು.’

ಹೆಂಡತಿ ಗೋಡೆ ಹಿಡಿದು ಕುಳಿತಳು. ಎಲೆ ಅಲ್ಲಾಡಿದರೆ ಬೆವರುವ ನಾನು ಆ ದಿನ ಅಳಲಿಲ್ಲ. ಧೈರ್ಯದಿಂದಲ್ಲ, ‘ಸುಖವಾಗಿ’ ಎಂಬಲ್ಲಿ ಸಿಕ್ಕಿಬಿದ್ದು. ಎಂಬತ್ತು ದಾಟಿದ ಅಜ್ಜಿಗೆ ಒಪ್ಪುವ ಆ ಕ್ರಿಯಾವಿಶೇಷಣವನ್ನು ಇಪ್ಪತ್ತರ ಹೆಂಡತಿಗೆ ಯಾವ ಗಂಡ ಹಚ್ಚಿಯಾನು?

“ಮಗಳೇ ಹೋತು, ನಿಂಗ ವ್ಯಾಕರಣ ಹುಡುಕ್ತ್ರಾ?” ಎಂದಳು ಹೆಂಡತಿ.

ಎಡಗಾಲಿನ ಚಪ್ಪಲಿ ಬಲಗಾಲಿಗೆ ಹಾಕಿಕೊಂಡು ತಾರ್ ಆಫೀಸಿಗೆ ಓಡಿದೆ. ಧಾರವಾಡ ಕಡೆಯ ಮಾಸ್ತರರು ಯಲ್ಲಾಪುರವನ್ನು ಕರೆದು ಮತ್ತೆ ಕೇಳಿದರು. ಯಂತ್ರ ಕಟಕಟ ಎಂದಷ್ಟು ಹೊತ್ತೂ ನನ್ನ ಎದೆ ಅದಕ್ಕಿಂತ ಜೋರಾಗಿ ಬಡಿದುಕೊಂಡಿತು. ಕೊನೆಗೆ ಅವರು ಪೆನ್ಸಿಲು ಕೆಳಗಿಟ್ಟರು.

“ಕೂಡ್ರಿ ರಾಯರ. ಹೆತ್ತಾಳ್ರಿ ನಿಮ್ಮ ಮಗಳು. ಒಂದು ಚುಕ್ಕಿಗೆ ಬಾಲ ಬಂದಿತ್ತು, ಅಷ್ಟ.”

ತಾರಿನ ಚುಕ್ಕಿ-ಗೀಟಿನ ಸಂಕೇತದಲ್ಲಿ, ಇಂಗ್ಲಿಷಿನ ಎರಡಕ್ಷರ ಕೂಡಿದ ‘ಹೆ’ ಎಂದರೆ ಐದು ಚುಕ್ಕಿ. ‘ಸ’ ಎಂದರೆ ನಾಲ್ಕು ಚುಕ್ಕಿ, ಒಂದು ಗೀಟು. ಎರಡಕ್ಷರಗಳ ನಡುವಿನ ಬಿಡುವು ತುಸು ಜಾರಿ, ಕೊನೆಯ ಚುಕ್ಕಿ ತುಸು ಉದ್ದವಾಗಿ, ‘ಹೆತ್ತಳು’ ಎಂಬುದು ‘ಸತ್ತಳು’ ಆಗಿತ್ತು. ಚುಕ್ಕಿಯೊಂದು ಕೊಂದ ಮಗಳನ್ನು ಕ್ರಿಯಾವಿಶೇಷಣವೊಂದು ಬದುಕಿಸಿತು.

ಜೀವಮಾನದಲ್ಲಿ ಮೊದಲ ಸಲ ನನ್ನ ತಲೆಹರಟೆಗೆ ಬೆಲೆ ಬಂದ ದಿನ ಸುಮ್ಮನೆ ನಡೆದುಹೋಗಲುಂಟೆ? ಸಂಸ್ಕೃತದ ತಾರಸ್ವರದಲ್ಲೇ ‘ಹೆತ್ತಳು, ಹೆತ್ತಳು’ ಎಂದು ಕೂಗುತ್ತ ಪೇಟೆಯ ನಡುವೆ ಹೊರಟೆ. “ಎಂತದು ಭಟ್ರೇ, ಎಮ್ಮೆಯಾ?” ಎಂದು ಮೋಟಾರಿನಿಂದ ಇಣುಕಿದ ಚಾಲಕ ಇಮಾಮ ಸಾಬರಿಗೆ ನಿಂತು, ನಿಷ್ಪತ್ತಿಸಹಿತ ವಿವರಿಸಿದೆ.

ಮನೆ ಮುಟ್ಟುವ ಮೊದಲೇ ಸುದ್ದಿ ಕೇಳಿದ್ದ ಹೆಂಡತಿ ಬಾಗಿಲಲ್ಲಿ ನಿಂತು, ಒರೆಸಿದ ಕಣ್ಣು ಮತ್ತೆ ಒರೆಸುತ್ತ, ನೀರಿನ ತಂಬಿಗೆ ನೀಡಿದಳು. ಏನೋ ಹೇಳಹೋದೆ, ದನಿ ಹೊರಡಲಿಲ್ಲ. ನನ್ನ ನಿಷ್ಪತ್ತಿಯೇ ಸರಿ: ತಾರು ಬಂದಿತ್ತು, ಬಾಯಿ ತಾರಿತ್ತು, ಕೂಗಿ ಕೂಗಿ.